ಕಮಲಾಪುರದ ಐರಾಕೋಬ್ರಾ

“ಮೂರ ಶಬ್ದ ನೋಡು. ‘ಆಗ್ಲಿ ಮೇಡಂ, ತಿದ್ದಿಕೊಳ್ತೀನಿ.’ ಇಷ್ಟ ಅಂದು ಕೈ ಮುಗದ್ಬಿಡು. ನಾಳಿ ಊಟದ ಹೊತ್ತಿಗೆ ನೀ ಡಾಕ್ಟರ್ ರಾಜೇಶ್ರೀ,” ಎಂದು ಪ್ರೊಫೆಸರ್ ಯಶವಂತರು ಚಹಾದ ಕಪ್ಪು ಕೆಳಗಿಟ್ಟರು.

ರಾಜೇಶ್ರೀ ತನ್ನ ಪಿಎಚ್‌ಡಿಯ ಗೈಡ್ ಆಗಿದ್ದ ಅವರ ಮುಖ ನೋಡಲಿಲ್ಲ. ಮೇಜಿನ ಮೇಲೆ ಅವಳ ಮಹಾಪ್ರಬಂಧ ಬಿದ್ದುಕೊಂಡಿತ್ತು. ಕಪ್ಪು ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ‘ಸೋವಿಯತ್ ವಾಯುಪಡೆಯಲ್ಲಿ ಐರಾಕೋಬ್ರಾ: ಯುದ್ಧಕಾಲದ ಬಳಕೆ’ ಎಂದು ಬರೆಸುವಾಗ ಬೈಂಡಿಂಗ್ ಅಂಗಡಿಯವನು, “ಯಾವೂರದ್ರೀ ಮೇಡಂ ಇದು ಐರಾಕೋಬ್ರಾ?” ಎಂದು ಕೇಳಿ ನಕ್ಕಿದ್ದ. ಈಗ ಅದರ ಮೂರನೇ ಅಧ್ಯಾಯದಿಂದ ಒಂದು ಹಳದಿ ಚೀಟಿ ನಾಲಿಗೆ ಚಾಚಿಕೊಂಡಿತ್ತು.

“ತಿದ್ದೂದು ಏನದರೀ ಸರ್ ಅದರಾಗ?”

“ಏನೂ ಇಲ್ಲ. ತಿದ್ದು ಅಂತ ಯಾರ ಹೇಳ್ಯಾರ? ತಿದ್ದಿಕೊಳ್ತೀನಿ ಅಂತ ಅನ್ನು ಅಂದೆ. ನಾನೂ ಅಂದೀನಿ, ನನ್ನ ಗೈಡೂ ಅಂದಾರ. ವೈವಾ ಅಂದ್ರ ಮತ್ತೇನವಾ?”

ಅವರ ಮಾತು ಸುಳ್ಳೇನಲ್ಲ. ಆ ವಿಭಾಗದಲ್ಲಿ ಮೌಖಿಕ ಪರೀಕ್ಷೆ ಎನ್ನುವುದು ಮದುವೆಯಲ್ಲಿ ಅಕ್ಕಿಕಾಳು ಹಾಕಿದಷ್ಟೇ ಸಲೀಸಾದ ಶಾಸ್ತ್ರ. ಹೊರಗಿನ ಪರೀಕ್ಷಕರು ಏನೋ ಒಂದು ಕೇಳಬೇಕು, ಅಭ್ಯರ್ಥಿ ಬಗ್ಗಿ ‘ತಿದ್ದಿಕೊಳ್ತೀನಿ’ ಅನ್ನಬೇಕು, ಅವರು ತಲೆಯಾಡಿಸಬೇಕು. ಆಮೇಲೆ ಹಾರ, ಶಾಲು, ಹೋಳಿಗೆ ಊಟ. ಯಾರೂ ಏನನ್ನೂ ತಿದ್ದುವುದಿಲ್ಲ, ತಿದ್ದಿದ್ದಾರೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಅದೇ ಪ್ರತಿ ಅದೇ ತಪ್ಪುಗಳ ಸಮೇತ ಗ್ರಂಥಾಲಯದ ಕಪಾಟು ಸೇರಿ ಧೂಳು ತಿನ್ನುತ್ತದೆ. ಹೀಗೆ ಡಾಕ್ಟರಾದವರು ಊರ ತುಂಬ ಇದ್ದಾರೆ, ಸುಖವಾಗಿಯೂ ಇದ್ದಾರೆ.

ಈ ಸಲ ಗಂಟು ಬಿದ್ದದ್ದು ಬೇರೆ ಕಡೆ. ಎರಡನೇ ಮಹಾಯುದ್ಧದ ಬಗ್ಗೆ ಯಶವಂತರು ಬರೆದ ದಪ್ಪ ಪುಸ್ತಕವೊಂದಿದೆ. ಸರಕಾರಿ ನೌಕರಿಯ ಪರೀಕ್ಷೆಗೆ ಕೂಡುವ ಹುಡುಗರೆಲ್ಲ ಅದನ್ನೇ ಉರು ಹೊಡೆಯುವುದು. ಅದರಲ್ಲಿ, ಐರಾಕೋಬ್ರಾ ಎಂಬ ವಿಮಾನವನ್ನು ಅಮೆರಿಕದವರು ಮಾಡಿ ರಷ್ಯಾಕ್ಕೆ ಕಳಿಸಿದರು, ರಷ್ಯನ್ನರು ಅದರ ಮೂತಿಯಲ್ಲಿದ್ದ ದೊಡ್ಡ ತೋಪಿನಿಂದ ಜರ್ಮನರ ಟ್ಯಾಂಕುಗಳನ್ನು ಬೇಟೆಯಾಡಿದರು ಎಂದಿದೆ. ರಾಜೇಶ್ರೀಯೂ ಬಿ.ಎ.ಯಲ್ಲಿ ಹಾಗೇ ಬರೆದು ಅಂಕ ತೆಗೆದುಕೊಂಡವಳೇ. ಆದರೆ ಮೂರನೇ ಅಧ್ಯಾಯದಲ್ಲಿ ಅವಳು ಬರೆದದ್ದು, ಟ್ಯಾಂಕ್ ಬೇಟೆಯ ಕಥೆ ಒಬ್ಬರದನ್ನು ನೋಡಿ ಒಬ್ಬರು ಬರೆದುಕೊಂಡು ಬಂದ ಕಥೆ, ಆ ವಿಮಾನ ಕಾದಾಡಿದ್ದು ಹೆಚ್ಚಾಗಿ ವಿಮಾನಗಳ ಜೊತೆಗೇ ಎಂದು. ಅಡಿಟಿಪ್ಪಣಿಯಲ್ಲಿ ಹಾಗೆ ಬರೆದುಕೊಂಡವರ ಹೆಸರುಗಳಿದ್ದವು. ಕೊನೆಯ ಹೆಸರು ಯಶವಂತರದು.

ಅಯ್ಯೋ, ಅದನ್ನು ಪರೀಕ್ಷೆಗೆ ಕಳಿಸಬಹುದು ಎಂದು ಸಹಿ ಹಾಕಿದವರು ಯಾರು ಅಂತೀರಿ? ಖುದ್ದು ಯಶವಂತರೇ! ಗೈಡುಗಳಾದವರು ಓದಿಯೇ ಸಹಿ ಹಾಕಬೇಕೆಂದರೆ ಯಾವ ವಿಭಾಗ ನಡೆದೀತು ಹೇಳಿ. ಹೊರಗಿನ ಪರೀಕ್ಷಕಿ ವಿದ್ಯಾವತಿ ಮೇಡಂ ಮಾತ್ರ ಪುಟ ಪುಟ ಓದಿ, ‘ಶಿಷ್ಯೆ ಹೇಳಿದ್ದು ಸರಿಯೋ, ಗುರುಗಳ ಪುಸ್ತಕ ಸರಿಯೋ? ಅಭ್ಯರ್ಥಿ ಎಲ್ಲರೆದುರು ಉತ್ತರಿಸಬೇಕು’ ಎಂದು ಬರೆದು ಕಳಿಸಿದ್ದರು. ಅದನ್ನು ಓದಿದ ಮೇಲೆ ಯಶವಂತರು ಮೊದಲ ಸಲ ಮೂರನೇ ಅಧ್ಯಾಯ ತೆರೆದು ನೋಡಿದರು. ನೋಡಿ ಹಳದಿ ಚೀಟಿ ಹಚ್ಚಿದರು.

“ನೋಡವಾ,” ಎಂದು ಅವರೀಗ ದನಿ ತಗ್ಗಿಸಿದರು, “ನಾನು ರಿಟೈರ್ಡ್ ಆಗಾಕ ಬಂದೀನಿ. ನನ್ನ ಹುಡುಗರ ಮುಂದ ನನ್ನ ಮರ್ಯಾದಿ ತಗೀಬ್ಯಾಡ. ನಿನಗೂ ಗೊತ್ತದ, ಪಿಎಚ್‌ಡಿ ಇಲ್ಲದ ಗೆಸ್ಟ್ ಲೆಕ್ಚರರ್‌ಗಳನ್ನ ಈ ವರ್ಷ ಮನಿಗೆ ಕಳಸ್ತಾರ. ಕಮಲಾಪುರದ ಕಾಲೇಜಿನಾಗ ನಿನ್ನ ಕುರ್ಚಿ ಉಳೀಬೇಕಂದ್ರ ವೈವಾದ ವರದಿ ಮ್ಯಾಲ ನನ್ನ ಸಹಿ ಬೇಕು.”

ಆ ಕುರ್ಚಿಗಾಗಿ ರಾಜೇಶ್ರೀ ಎಷ್ಟು ವರ್ಷ ಬಸ್ಸು ಹತ್ತಿ ಇಳಿದಿದ್ದಾಳೆ! ಈ ಮನುಷ್ಯ ಕೆಟ್ಟವರೂ ಅಲ್ಲ, ಅದೇ ಫಜೀತಿ. ಮೊದಲ ದಿನ ಬಂದಾಗ, “ನಿಮ್ಮ ಜನದ ಮ್ಯಾಲನ ಮಾಡು. ನಿಮ್ಮ ಓಣಿ, ನಿಮ್ಮ ದ್ಯಾವ್ರು, ನಿಮ್ಮವ್ವ ಹಾಡೋ ಹಾಡು. ಸಲೀಸು ಫೆಲೋಶಿಪ್ ಸಿಗ್ತದ,” ಎಂದಿದ್ದರು. “ನಮ್ಮ ಓಣಿ ನಂಗ ಗೊತ್ತದರೀ ಸರ್. ಗೊತ್ತಿಲ್ಲದ್ದು ಓದಬೇಕಂತ ಬಂದೀನಿ,” ಎಂದು ಇವಳು ಅಂದದ್ದಕ್ಕೆ ಬಾಯಿ ಬಿಟ್ಟು ನೋಡಿ, ಕೊನೆಗೆ ನಕ್ಕು ಸೇರಿಸಿಕೊಂಡವರು ಅವರೇ. ಬೇರೆ ಗೈಡುಗಳಾಗಿದ್ದರೆ ಬಾಗಿಲು ತೋರಿಸುತ್ತಿದ್ದರು.

“ಬರ್ತೀನ್ರೀ ಸರ್,” ಎಂದು ಎದ್ದಳು.

ಅಲ್ಲಿಂದ ನೆಟ್ಟಗೆ ಹೋದದ್ದು ಸ್ಟೇಶನ್ ಬಜಾರಿನ ಗುಫ್ರಾನ್ ಡಾಕ್ಟರ ದವಾಖಾನೆಗೆ. ಲಾಡ್ಜಿನ ಪಕ್ಕದ ಸಂದಿಯಲ್ಲಿ ಎರಡು ಬೆಂಚು, ಒಂದು ಪರದೆ, ಪರದೆಯ ಹಿಂದೆ ಡಾಕ್ಟರು. ರಷ್ಯಾ ಇನ್ನೂ ಸೋವಿಯತ್ ಆಗಿದ್ದಾಗ ಅಲ್ಲಿಗೆ ಹೋಗಿ ಡಾಕ್ಟರಿಕೆ ಓದಿ ಬಂದವರು. ರಾಜೇಶ್ರೀಗೆ ರಷ್ಯನ್ ಕಲಿಸಿದ್ದು ಈ ಬೆಂಚಿನ ಮೇಲೆಯೇ, ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ. ಯುದ್ಧಕಾಲದಲ್ಲಿ ರೆಜಿಮೆಂಟಿನವರು ದಿನದಿನವೂ ಬರೆದಿಟ್ಟ ವರದಿಗಳನ್ನು ರಷ್ಯಾದವರು ಈಗ ಜಾಲತಾಣದಲ್ಲಿ ಹಾಕಿದ್ದಾರಲ್ಲ, ಅವನ್ನು ಇವಳು ಮೊಬೈಲಿನಲ್ಲಿ ತಂದು ತೋರಿಸಿದಾಗ, “ಇಷ್ಟು ಗಲೀಜು ಅಕ್ಷರ ಓದಾಕ ಡಾಕ್ಟರನ ಬೇಕು ಬೇಟೀ, ಬೇರೆಯವರ ಕೈಲಿ ಆಗಂಗಿಲ್ಲ,” ಎಂದು ಕನ್ನಡಕ ಏರಿಸಿದ್ದರು. ಕೆಮ್ಮುವವರು ಕೆಮ್ಮುತ್ತ ಕೂತಿರುತ್ತಿದ್ದರು, ಇವರಿಬ್ಬರು ಒಂದು ಶಬ್ದಕ್ಕಾಗಿ ಜಗಳವಾಡುತ್ತಿದ್ದರು.

ನಡೆದದ್ದನ್ನೆಲ್ಲ ಕೇಳಿ ಡಾಕ್ಟರು ಬಿಪಿ ಪಟ್ಟಿಯನ್ನು ಸುತ್ತಿಟ್ಟರು. “ಅಂದ್ಬಿಡು ಬೇಟೀ. ಕ್ಯಾ ಜಾತಾ ಹೈ? ಗಾಳಿಗೆ ಹೋಗೋ ಮಾತು. ಡಿಗ್ರಿ ಕೈಗೆ ಬರಲಿ, ಆಮ್ಯಾಲ ಬೇಕಾದ್ದು ಬರಿ.”

“ಚಾಚಾ, ನೀವೂನೂ?”

“ನಾನೂನೂ ಅಂದ್ರ? ನಾ ಅಲ್ಲಿಂದ ಬಂದಾಗ ಮಂದಿ ಏನಂದ್ರು ಗೊತ್ತದೇನು? ರಷ್ಯಾದ ಡಾಕ್ಟರ್ ಅಂದ್ರ ಅರ್ಧಾ ಡಾಕ್ಟರ್ ಅಂದ್ರು. ನಾ ನಕ್ಕೊಂತ ‘ಜೀ ಹಾಂ, ಜೀ ಹಾಂ’ ಅಂದೆ. ಅವರು ಜಡ್ಡು ಬಿದ್ದಾಗ ನನ್ನ ಬಲ್ಲೇ ಬಂದ್ರು. ಇವತ್ತಿಗೂ ಅಂತಾರ, ಇವತ್ತಿಗೂ ಬರ್ತಾರ, ನಾನೂ ಇವತ್ತಿಗೂ ನಗಾಕತ್ತೀನಿ.” ಹಾಗಂದವರ ಮುಖದಲ್ಲಿ ನಗು ಇರಲಿಲ್ಲ.

ರಾಜೇಶ್ರೀ ಬ್ಯಾಗಿನಿಂದ ಮೂರನೇ ಅಧ್ಯಾಯದ ಹಾಳೆಗಳನ್ನೂ ಮೊಬೈಲನ್ನೂ ತೆಗೆದಳು. “ನಾ ಏನು ಅನ್ಲಿ, ಏನು ಬಿಡ್ಲಿ, ಅದು ನಂದು. ನಾ ತಪ್ಪು ಓದೀನೇನು, ಅದೊಂದು ಹೇಳ್ರಿ ಚಾಚಾ. ಇನ್ನೊಂದ ಸಲ ನೋಡ್ರಿ. ತಪ್ಪಿದ್ರ ನಾಳಿ ನಾನಽ ಎದ್ದು ನಿಂತು ತಪ್ಪು ಅಂತೀನಿ.”

ಡಾಕ್ಟರು ನೋಡಿದರು. ಕುಬಾನ್ ನದಿಯ ಕಡೆ ಆಕಾಶದಲ್ಲಿ ನಡೆದ ಕಾಳಗಗಳು, ಯಾವ ವಿಮಾನ ಎಷ್ಟು ಎತ್ತರದಲ್ಲಿ ಯಾರನ್ನು ಎದುರಿಸಿತು, ಯಾರು ವಾಪಸು ಬಂದರು, ಯಾರು ಬರಲಿಲ್ಲ. ಬೆರಳಿಟ್ಟು ಸಾಲು ಸಾಲು ಓದಿದರು. ಹೊರಗೆ ಬೆಂಚಿನ ಮೇಲೆ ಒಬ್ಬಾಕೆ, “ಡಾಕ್ಟರ್ ಸಾಬ್, ಕೂಸಿಗೆ ಜ್ವರಾರೀ,” ಎಂದಳು. “ಆಯಾ ಮಾ, ಏಕ್ ಮಿನಿಟ್,” ಎಂದು ಮತ್ತೆ ಓದಿದರು. ಕೊನೆಗೆ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

“ಸರಿ ಓದೀದಿ. ಒಂದಕ್ಷರ ತಪ್ಪಿಲ್ಲ. ಇದ್ದಿದ್ರ ಛೊಲೋ ಇತ್ತು, ನಿಂಗ ಇಷ್ಟು ತ್ರಾಸ ಆಗ್ತಿರಲಿಲ್ಲ.”

ಮರುದಿನ ಬೆಳಿಗ್ಗೆ ಕಮಲಾಪುರದಿಂದ ಒಂದು ಟೆಂಪೊ ಬಂದು ವಿಭಾಗದ ಮುಂದೆ ನಿಂತಿತು. ಇಳಿದವರೆಲ್ಲ ರಾಜೇಶ್ರೀಯ ಅವ್ವ ಮರೆಮ್ಮನ ಕಡೆಯವರು: ಅವಳ ಜೊತೆ ಬಾಳೆತೋಟಗಳಲ್ಲಿ ಕೆಲಸ ಮಾಡುವ ಹೆಂಗಸರು, ಓಣಿಯ ಹಿರಿಯರು, ಒಬ್ಬಿಬ್ಬರು ಹಳೆಯ ವಿದ್ಯಾರ್ಥಿಗಳು. ಬುಟ್ಟಿಗಳಲ್ಲಿ ಹೋಳಿಗೆ, ಕಡಕ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಹಿಂಡಿ. ಒಂದು ಇಡೀ ಗೊನೆ ಕೆಂಬಾಳೆ. ರಾಜೇಶ್ರೀಯ ಗಂಡ ರೇವಣ ಕರೆಂಟಿನ ಲೈನ್‌ಮನ್. ಡ್ಯೂಟಿ ಮುಗಿಸಿ ಸಂಜೆಗೆ ಊರಲ್ಲೇ ಸಿಗುತ್ತೇನೆ ಎಂದು ಫೋನು ಮಾಡಿದ್ದ.

“ಯಾನವ್ವಾ, ನಿನ್ನ ನಾಗಪ್ಪನ ಕೆಲಸ ಇವತ್ತಿಗಿ ಮುಗೀತದಲ್ಲ?” ಎಂದಳು ಮರೆಮ್ಮ. ಕೋಬ್ರಾ ಅಂದರೆ ನಾಗರಹಾವು ಎಂದು ಮಗಳು ಹೇಳಿದ ದಿನದಿಂದ ಅವಳ ಪಾಲಿಗೆ ಆ ವಿಮಾನ ನಾಗಪ್ಪನೇ. ನಾಗರಪಂಚಮಿಗೆ ಒಂದು ತಂಬಿಟ್ಟು ಅದರ ಹೆಸರಿನಲ್ಲೂ ತೆಗೆದಿಡುತ್ತಿದ್ದಳು.

“ಮುಗೀತದ ಅಂತ ಕಾಣಸ್ತದ ಬೇ,” ಎಂದಳು ರಾಜೇಶ್ರೀ. ಹಾಸ್ಟೆಲಿನ ಗೆಳತಿಯ ಕೋಣೆಯಲ್ಲಿ ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ. ಕನ್ನಡಿಯ ಮುಂದೆ ನಿಂತು ಆ ಮೂರು ಶಬ್ದ ಅಂದು ನೋಡಿದ್ದಳು. ಚೆನ್ನಾಗಿಯೇ ಬರುತ್ತಿದ್ದವು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮೇಷ್ಟರುಗಳು, ಹಿಂದೆ ಸಂಶೋಧನಾ ವಿದ್ಯಾರ್ಥಿಗಳು, ಗೋಡೆಯ ಬದಿಗೆ ಇಳಕಲ್ ಸೀರೆಯ ಹೆಂಗಸರು. ವಿದ್ಯಾವತಿ ಮೇಡಂ ಧಾರವಾಡದ ಕಡೆಯವರು. ಸಣ್ಣ ಆಳು, ದಪ್ಪ ಕನ್ನಡಕ, ನಗುವ ಅಭ್ಯಾಸ ಇದ್ದಂತೆ ಕಾಣಲಿಲ್ಲ. ರಾಜೇಶ್ರೀ ಪರದೆಯ ಮೇಲೆ ಮೊದಲು ವಿಮಾನದ ಚಿತ್ರ ತೋರಿಸಿದಳು. ಪೈಲಟ್‌ನ ಬೆನ್ನ ಹಿಂದೆ ಎಂಜಿನು, ಮೂತಿಯಲ್ಲಿ ತೋಪು, ಪಕ್ಕದಲ್ಲಿ ಕಾರಿನ ಹಾಗೆ ತೆರೆಯುವ ಬಾಗಿಲು. ಆ ಬಾಗಿಲನ್ನು ನೋಡಿಯೇ ಅವಳು ಈ ವಿಮಾನಕ್ಕೆ ಮನಸ್ಸು ಕೊಟ್ಟದ್ದು. ಇಂಗ್ಲಿಷರು ಒಲ್ಲೆ ಎಂದು ಪಕ್ಕಕ್ಕಿಟ್ಟ ಇದನ್ನು ರಷ್ಯನ್ನರು ಯಾಕೆ ಅಷ್ಟು ಅಚ್ಚುಮೆಚ್ಚಿನಿಂದ ಹಾರಿಸಿದರು ಎಂದು ಹೇಳುತ್ತ ಹೇಳುತ್ತ ಅವಳ ದನಿಯ ನಡುಕ ನಿಂತುಹೋಯಿತು.

ಮೇಡಂ ಮೊದಲ ಪ್ರಶ್ನೆ ಎಸೆದರು. “ಅಲ್ರೀ, ನೀವು ಈ ಭಾಗದವರು. ಇಲ್ಲಿ ಬಹಮನಿ ಕೋಟೆ ಇದೆ, ಶಾಸನಗಳಿವೆ, ನಿಮ್ಮದೇ ಸಮುದಾಯದ ಚರಿತ್ರೆ ಇದೆ. ಅದೆಲ್ಲ ಬಿಟ್ಟು ಎಲ್ಲಿಯದೋ ವಿಮಾನ ಯಾಕೆ?”

“ಮೇಡಂ, ಪರದೇಶದವರು ಬಂದು ನಮ್ಮ ಕೋಟಿ ಮ್ಯಾಲ ಬರೀತಾರ. ನಮ್ಮ ದರ್ಗಾ ಮ್ಯಾಲ ಬರೀತಾರ, ನಮ್ಮವ್ವ ರೊಟ್ಟಿ ಬಡಿಯೋದರ ಮ್ಯಾಲೂ ಬರದಾರ. ನಿಮ್ಮೂರ ಬಿಟ್ಟು ಇಲ್ಲಿಗ್ಯಾಕ ಬಂದ್ರಿ ಅಂತ ಅವರಿಗೆ ಯಾರೂ ಕೇಳಂಗಿಲ್ಲ. ನಂಗ್ಯಾಕ ಕೇಳ್ತೀರಿ? ನಂಗ ಈ ವಿಮಾನ ಹಿಡಿಸ್ತು, ಮಾಡಿದೆ.”

ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದಂತಾಯಿತು. ಯಶವಂತರು ಕುರ್ಚಿಯಲ್ಲಿ ಸರಿದಾಡಿದರು. ಮೇಡಂ ಮಾತ್ರ ಏನನ್ನೋ ಗುರುತು ಹಾಕಿಕೊಂಡು ಮೂರನೇ ಅಧ್ಯಾಯ ತೆರೆದರು.

“ಇದು ಟ್ಯಾಂಕ್ ಬೇಟೆಯ ವಿಮಾನ ಅಲ್ಲ ಅಂತ ಬರೆದಿದ್ದೀರಿ. ಆದರೆ ಕೆಳಗಿನ ಸೈನ್ಯವನ್ನು ಕಾಯುವುದೇ ಇದರ ಕೆಲಸವಾಗಿತ್ತು ಅಂತಲೂ ನೀವೇ ಬರೆದಿದ್ದೀರಿ. ಎರಡೂ ಹೇಗೆ ಸರಿ?”

“ನಮ್ಮ ಕಡಿ ಜ್ವಾಳದ ಹೊಲದಾಗ ಮಂಚಿಗಿ ಹಾಕ್ತಾರ್ರೀ ಮೇಡಂ. ಅದರ ಮ್ಯಾಲ ನಿಂತಂವ ಬೆಳಿ ಕಾಯ್ತಾನ. ಕವಣಿ ಬೀಸೋದು ಹಕ್ಕಿಗೆ, ತೆನಿಗಲ್ಲ. ಇದೂ ಹಂಗಽ. ಕೆಳಗಿನ ಸೈನ್ಯದ ಮ್ಯಾಲ ಬಾಂಬ್ ಹಾಕಾಕ ಬರೋ ವಿಮಾನಗಳನ್ನ ಮ್ಯಾಲಿನ ಮ್ಯಾಲೇ ತಡೀತಿತ್ತು. ಒಮ್ಮೊಮ್ಮೆ ಕೆಳಗೂ ಹೊಡದದ, ಇಲ್ಲಂತಿಲ್ಲ. ಆದ್ರ ಟ್ಯಾಂಕಿನ ಕವಚ ಸೀಳೋ ಗುಂಡನ್ನ ಆ ತೋಪಿಗೆ ಅಮೆರಿಕದವರು ರಷ್ಯಾಕ್ಕೆ ಕಳಿಸಿರಲೇ ಇಲ್ಲ. ಗುಂಡಿಲ್ಲದ ಬೇಟಿ ಹ್ಯಾಂಗ ಆಡ್ತಾರ್ರೀ?”

ಗೋಡೆಯ ಬದಿಯ ಹೆಂಗಸರು ಮಂಚಿಗೆ, ಕವಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ಸೆಟೆದು ಕೂತರು. ಅಲ್ಲಿಯವರೆಗೆ ಅವರಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರು.

“ಹಾಗಾದರೆ ನಿಮ್ಮ ಗೈಡ್ ತಮ್ಮ ಪುಸ್ತಕದಲ್ಲಿ ಬರೆದದ್ದು?” ಎಂದರು ಮೇಡಂ.

ರಾಜೇಶ್ರೀ ಬಾಯಿ ತೆರೆಯುವ ಮೊದಲೇ ಯಶವಂತರು ಎದ್ದು ನಿಂತು ನಗೆ ತಂದುಕೊಂಡರು. “ಅದನ್ನ ತಿದ್ದಿಕೊಳ್ತಾಳ್ರೀ ಮೇಡಂ. ನಿನ್ನೆನೇ ಮಾತಾಗ್ಯದ. ಮೂರನೇ ಅಧ್ಯಾಯ ಬದಲಿ ಮಾಡಿ ಕೊಡ್ತಾಳ. ಹೌದಲ್ಲ, ರಾಜೇಶ್ರೀ?”

ಅವರು ಅವಳ ಬಾಯಿಯ ಮಾತನ್ನೂ ತಾವೇ ಆಡಿ ಮುಗಿಸಿದ್ದರು. ಅವಳು ಬರೀ ತಲೆಯಾಡಿಸಿದ್ದರೆ ಸಾಕಿತ್ತು, ಹಾರಗಳು ತಾಟಿನಲ್ಲಿ ಸಿದ್ಧವಿದ್ದವು. ರಾಜೇಶ್ರೀಗೆ ಸಿಟ್ಟು ಬಂತು. ಕನ್ನಡಿಯ ಮುಂದೆ ಕಲಿತ ಮೂರು ಶಬ್ದಗಳು ಆ ಸಿಟ್ಟಿನಲ್ಲಿ ಎಲ್ಲಿ ಹೋದವೋ ಗೊತ್ತಾಗಲಿಲ್ಲ.

“ಇಲ್ರೀ ಸರ್. ನಾ ತಿದ್ದಂಗಿಲ್ಲ. ನಿಮ್ಮ ಪುಸ್ತಕದಾಗಿನ ಆ ಮಾತು ತಪ್ಪದರೀ. ಅದನ್ನ ಓದಿ ನಾನೂ ತಪ್ಪು ಕಲ್ತೆ, ನನ್ನ ಹುಡುಗರಿಗೂ ತಪ್ಪು ಕಲಿಸ್ದೆ. ಇನ್ ಮ್ಯಾಲ ಕಲಸಂಗಿಲ್ಲ.”

“ರಾಜೇಶ್ರೀ!” ಯಶವಂತರ ಮುಖ ಕೆಂಪಗಾಯಿತು. “ಇಷ್ಟು ವರ್ಷ ಪಾಠ ಮಾಡೀನಿ ನಾನು. ನನಗ ಕಲಸಾಕ ಬಂದೀಯೇನು?”

ಆಗ ಗೋಡೆಯ ಬದಿಯಿಂದ ಬಳೆಗಳ ಸದ್ದಾಯಿತು. ಮರೆಮ್ಮ ಎದ್ದು ನಿಂತಿದ್ದಳು, ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ. “ಎಪ್ಪಾ, ನಾ ಒಂದ್ ಕೇಳ್ಲೇನ್ರೀ? ಯಾರ ಬೇಕಾದ್ರೂ ಕೇಳಬೌದು ಅಂತ ನನ್ನ ಮಗಳು ಹೇಳ್ಯಾಳ.”

“ಕೂಡಮ್ಮಾ, ನೀ ಕೂಡು,” ಎಂದು ಮುಂದಿನ ಸಾಲಿನಿಂದ ಒಬ್ಬ ಮೇಷ್ಟರು ಕೈ ಬೀಸಿದರು.

“ಬಹಿರಂಗ ಪರೀಕ್ಷೆ ಅಲ್ಲವೇನ್ರೀ ಇದು? ಕೇಳಲಿ,” ಎಂದರು ವಿದ್ಯಾವತಿ ಮೇಡಂ.

“ನಂಗ ಇಮಾನ ಗೊತ್ತಿಲ್ರೀ. ದೂರಿಂದ ನೋಡೀನಿ, ಅಷ್ಟ. ನನ್ನ ಮಗಳು ಬರದದ್ರಾಗ ತಪ್ಪ ಅದನೋ ಇಲ್ಲೋ? ಇದ್ರ ಬಟ್ಟಿಟ್ಟು ತೋರಸ್ರಿ, ತಿದ್ತಾಳ. ಅಂಥಾ ಹಟಮಾರಿ ಏನಲ್ಲ ಅಕಿ.” ಇಷ್ಟಕ್ಕೆ ಕಮಲಾಪುರದವರೆಲ್ಲ ಗೊಳ್ಳೆಂದು ನಕ್ಕರು, ರಾಜೇಶ್ರೀಯ ಹಟ ಅವರಿಗೆ ಗೊತ್ತಿಲ್ಲದ್ದಲ್ಲ. ಮರೆಮ್ಮ ಅವರ ಕಡೆ ಕಣ್ಣು ಬಿಟ್ಟು, ಮತ್ತೆ ಈ ಕಡೆ ತಿರುಗಿದಳು. “ಇಲ್ಲಂದ್ರ, ಮಾಡಲಾರದ ತಪ್ಪು ಮಾಡೀನಿ ಅಂತ ಯಾಕನಸ್ತೀರಿ ಎಪ್ಪಾ? ಹಿಂದ ಊರ ಗೌಡ್ರು ನಮ್ಮ ಓಣಿಯವರ ಕಡಿಂದ ಹಂಗಽ ಅನಸ್ತಿದ್ರು. ಸಾಕಾಗ್ಯದ ನಮಗ.”

ವಿದ್ಯಾವತಿ ಮೇಡಂ ಮಹಾಪ್ರಬಂಧವನ್ನು ಎತ್ತಿ ಯಶವಂತರ ಮುಂದೆ ಇಟ್ಟರು. “ತೋರಿಸ್ರಿ ಸರ್. ನಾನೂ ಹುಡುಕಿದೆ. ನನಗೆ ಸಿಗಲಿಲ್ಲ.”

ಯಶವಂತರು ಹಳದಿ ಚೀಟಿಯ ಪುಟ ತೆರೆದರು, ಮುಂದಿನದು ತಿರುವಿದರು, ಮತ್ತೆ ಹಿಂದಕ್ಕೆ ಬಂದರು. ಫ್ಯಾನಿನ ಗಾಳಿಗೆ ಹಾಳೆಗಳು ಪಟಪಟ ಅನ್ನುತ್ತಿದ್ದವು. ಕೊನೆಗೆ ಮುಚ್ಚಿಟ್ಟು, “ಪರೀಕ್ಷೆ ಮುಗೀತು,” ಎಂದು ಒಳಗಿನ ಕೋಣೆಗೆ ನಡೆದರು.

ಅಲ್ಲಿ, ಹಿಂದೆಯೇ ಬಂದಿದ್ದ ರಾಜೇಶ್ರೀಯ ಎದುರು, ವಿದ್ಯಾವತಿ ಮೇಡಂ ವರದಿಗೆ ಸಹಿ ಮಾಡಿ ಪೆನ್ನನ್ನು ಯಶವಂತರ ಕಡೆ ಸರಿಸಿದರು. ಅವರು ಮುಟ್ಟಲಿಲ್ಲ. “ಒಂದು ಸಾಲು ಬರಕೊಡವಾ. ತಿದ್ದಿಕೊಳ್ತೀನಿ ಅಂತ, ಒಂದಽ ಸಾಲು. ಯಾರಿಗೂ ತೋರಸಂಗಿಲ್ಲ. ಈಗಿಂದೀಗ ಸಹಿ ಹಾಕ್ತೀನಿ,” ಎಂದರು. ರಾಜೇಶ್ರೀಗೆ ಕನಿಕರವೇ ಬಂತು. ಕನಿಕರ ಬಂತೆಂದು ಬರೆದುಕೊಡಲಿಕ್ಕಾಗುತ್ತದೆಯೇ?

“ಆಗಂಗಿಲ್ರೀ ಸರ್. ನಿಮ್ಮ ಮ್ಯಾಲ ಸಿಟ್ಟಿಲ್ಲ ನಂಗ. ನೀವು ಸಹಿ ಹಾಕೋತನಾ ಕಾಯ್ತೀನಿ, ಹಾಕದಿದ್ರ ರಿಜಿಸ್ಟ್ರಾರ್ ಕಡಿ ಹೋಗ್ತೀನಿ.”

“ಕುರ್ಚಿ ಹೋಗ್ತದ.”

“ಹೋಗ್ಲೇಳ್ರೀ,” ಎಂದಳು. ಬ್ಯಾಗು ಹೆಗಲಿಗೇರಿಸಿ ಹೊರಗೆ ಬಂದಳು.

ಹೊರಗೆ ಬೇವಿನ ಗಿಡದ ಕೆಳಗೆ ಬುಟ್ಟಿಗಳ ಸುತ್ತ ಎಲ್ಲ ಕಾದಿದ್ದರು. ಫಲಿತಾಂಶ ಹೇಳಿದ ಮೇಲೇ ಊಟಕ್ಕೆ ಕೂಡುವುದು ಅಲ್ಲಿಯ ಪದ್ಧತಿ. “ಆತೇನ ಬೇ?” ಎಂದಳು ಮರೆಮ್ಮ. “ಆಗಿಲ್ಲ. ನೀ ಬಡಸು,” ಎಂದಳು ರಾಜೇಶ್ರೀ. ಮರೆಮ್ಮ ಮಗಳ ಮುಖವನ್ನೊಮ್ಮೆ ನೋಡಿ ರೊಟ್ಟಿಯ ಗಂಟು ಬಿಚ್ಚಿದಳು. ವಿದ್ಯಾವತಿ ಮೇಡಂ ನೆಲದ ಮೇಲೆಯೇ ಹೆಂಗಸರ ಸಾಲಿನಲ್ಲಿ ಕೂತು ಎರಡು ಹೋಳಿಗೆ ಉಂಡು, ರೈಲಿಗೆಂದು ಕೆಂಬಾಳೆ ಕಟ್ಟಿಸಿಕೊಂಡು ಹೋದರು. ಯಶವಂತರ ಕಾರು ಆಗಲೇ ಹೋಗಿತ್ತು.

ಟೆಂಪೊ ಮಹಾಗಾಂವ ದಾಟಿ ಕಮಲಾಪುರ ಮುಟ್ಟುವಾಗ ಹೊತ್ತು ಇಳಿದಿತ್ತು. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಡ್ರೈವರ್ ತಾನಾಗಿಯೇ ಬ್ರೇಕ್ ಹಾಕಿದ. ಎರಡು ಕಂಬಗಳ ನಡುವೆ, ರಸ್ತೆಗೆ ಎದುರಾಗಿ, ಒಂದು ದೊಡ್ಡ ಫ್ಲೆಕ್ಸ್ ಬ್ಯಾನರು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ‘ಡಾಕ್ಟರೇಟ್ ಪಡೆದ ನಮ್ಮೂರ ಹೆಮ್ಮೆಯ ಮಗಳು ಡಾ. ರಾಜೇಶ್ರೀ ಅಮೋಘಪ್ಪ ಇವರಿಗೆ ಹಾರ್ದಿಕ ಅಭಿನಂದನೆಗಳು.’ ಒಂದು ಕಡೆ ಅವಳ ಆಧಾರ್ ಕಾರ್ಡಿನ ಫೋಟೊ, ಇನ್ನೊಂದು ಕಡೆ ಬೆಂಕಿ ಉಗುಳುತ್ತ ಮೇಲಕ್ಕೇರುವ, ಈಗಿನ ಕಾಲದ, ಚೂಪು ಮೂತಿಯ ಜೆಟ್ ವಿಮಾನ.

ಕಂಬದ ಬುಡದಲ್ಲಿ ಏಣಿ ಹಿಡಿದು ನಿಂತಿದ್ದ ರೇವಣನ ಮುಖದಲ್ಲಿ ರಕ್ತವೇ ಇರಲಿಲ್ಲ. ಸುದ್ದಿ ಟೆಂಪೊಗಿಂತ ಮುಂಚೆ ಫೋನಿನಲ್ಲಿ ಬಂದಿತ್ತು. “ನಾನಽ ಮಾಡ್ಸಿದ್ದೆ. ನೀ ಬರೋದ್ರಾಗ ಮಂದಿ ನೋಡ್ಲಿ ಅಂತ ಮುಂಜಾನೇ ಕಟ್ಟಿದೆ,” ಎಂದ. “ಈಗ ಬಿಚ್ಚಿ ಹಾಕ್ತೀನಿ ತಡಿ. ಬಸ್ಸಿನ ಮಂದಿಯೆಲ್ಲ ಓದಾಕತ್ತಾರ. ನಾಳಿಂದ ನಗ್ತಾರ.”

ರಾಜೇಶ್ರೀ ಬ್ಯಾನರನ್ನೇ ನೋಡುತ್ತಿದ್ದಳು. “ಈ ವಿಮಾನ ಯಾರ ಹಾಕಿದ್ರು?”

“ಫ್ಲೆಕ್ಸ್ ಅಂಗಡಿ ಶಫಿ. ವಿಮಾನ ಅಂದೆ, ಇದ್ದದ್ರಾಗ ಛಂದಂದು ಹಾಕೀನಿ ಅಂದ.”

“ಇದು ನಂದಲ್ಲ.”

“ಗೊತ್ತಾತು ಮಾರಾಯ್ತಿ, ಬಿಚ್ತೀನಿ ಅಂದ್ನೆಲ್ಲ!”

“ಬಿಚ್ಚಬ್ಯಾಡ್ರಿ. ಏಣಿ ಗಟ್ಟಿ ಹಿಡೀರಿ.” ಸೆರಗನ್ನು ಸೊಂಟಕ್ಕೆ ಸಿಗಿಸಿ, ಅವನ ಬೆಲ್ಟಿನಿಂದ ಕರಿ ಟೇಪಿನ ಸುರುಳಿಯನ್ನೂ ವಾಯರು ಸುಲಿಯುವ ಚಾಕುವನ್ನೂ ಕಿತ್ತುಕೊಂಡಳು. ಹೆಂಗಸರೆಲ್ಲ ಟೆಂಪೊದಿಂದ ಇಳಿದು ಸುತ್ತ ನೆರೆದರು. “ಬೀಳ್ತೀಯವ್ವಾ!” ಎಂದು ಯಾರೋ ಕೂಗಿದರು. “ನನ್ನ ಮಗಳು ಬೀಳಂಗಿಲ್ಲ, ನೀ ಬಾಯಿ ಮುಚ್ಚು,” ಎಂದಳು ಮರೆಮ್ಮ.

ಮೊದಲು ‘ಡಾಕ್ಟರೇಟ್ ಪಡೆದ’ ಎಂಬ ಸಾಲಿನ ಮೇಲೆ ಟೇಪು ಎಳೆದಳು. ಆಮೇಲೆ ಹೆಸರಿನ ಹಿಂದಿನ ‘ಡಾ.’ ಮೇಲೆ ಎಳೆದಳು, ಕಾಣದಂತೆ ಎರಡು ಸಲ ಅಂಗೈಯಿಂದ ಉಜ್ಜಿದಳು. ಕೆಳಗೆ ರೇವಣನ ಕೈಯಲ್ಲಿ ಅವಳ ಬ್ಯಾಗು. ಬ್ಯಾಗಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದವನು ಗಾಬರಿಯಾದ. “ನಿಮ್ಮ ಸರ್ ಮಾಡ್ಯಾರ!” ಎಂದು ಕಿವಿಗಿಟ್ಟು, “ಹಾಂ ಸರ್... ಹೌದ್ರೀ ಸರ್...” ಎಂದು ಮೇಲೆ ನೋಡಿದ. “ಏ, ಒಂದು ಮೆಸೇಜ್ ಹಾಕಿದ್ರೂ ಸಾಕಂತ. ಬರೀ ತಿದ್ದಿಕೊಳ್ತೀನಿ ಅಂತ. ರಾತ್ರಿನೇ ಸಹಿ ಮಾಡ್ತಾರಂತ. ಏನ ಹೇಳ್ಲಿ?”

ಸುತ್ತಲಿನವರೆಲ್ಲ ತಲೆಯೆತ್ತಿ ಅವಳನ್ನೇ ನೋಡಿದರು.

“ತಿದ್ದಾಕತ್ತಾಳ ಅಂತ ಹೇಳ್ರಿ,” ಎಂದಳು ರಾಜೇಶ್ರೀ, ಚಾಕು ಬಿಚ್ಚುತ್ತ. “ತಪ್ಪಿದ್ದದ್ದನ್ನ. ಕೈ ಖಾಲಿ ಇಲ್ಲಂತ ಹೇಳ್ರಿ.”

ಏಣಿಯ ಮೇಲೆ ಬಾಗಿ ಜೆಟ್ಟಿನ ಮೂತಿಯ ಹತ್ತಿರ ಚಾಕು ಚುಚ್ಚಿದಳು. ಪ್ಲಾಸ್ಟಿಕ್ಕು ಚರ್‍ರೆಂದು ಸೀಳಿತು. ರೆಕ್ಕೆಯ ಸುತ್ತ, ಬಾಲದ ಸುತ್ತ, ಬೆಂಕಿಯ ಸುತ್ತ ನಿಧಾನವಾಗಿ ಕೊಯ್ದು ಇಡೀ ವಿಮಾನವನ್ನು ಬಿಡಿಸಿ ಕೆಳಗೆ ಬಿಟ್ಟಳು. ಅದು ತೇಲುತ್ತ ಬಂದು ಟೆಂಪೊದ ಚಾವಣಿಯ ಮೇಲೆ ಬಿತ್ತು. ಅಷ್ಟು ಹೊತ್ತೂ ಬಡಿದುಕೊಳ್ಳುತ್ತಿದ್ದ ಬ್ಯಾನರು, ಗಾಳಿ ಆರಪಾರ ಹಾಯತೊಡಗಿದ ಮೇಲೆ ಸುಮ್ಮನಾಗಿ ನಿಂತಿತು. ಹುಮನಾಬಾದಿನ ಬಸ್ಸೊಂದು ಬಂದು ನಿಂತು, ಕಿಟಕಿಯಲ್ಲಿದ್ದವರು ಕತ್ತು ಹೊರಗೆ ಹಾಕಿ ಹೆಸರು ಓದಿದರು. ಹೆಸರಿನ ಪಕ್ಕದ ಆ ದೊಡ್ಡ ತೂತಿನಲ್ಲಿ ಮಹಾಗಾಂವದ ಕಡೆಯ ಆಕಾಶ ಇನ್ನೂ ಬೆಳ್ಳಗಿತ್ತು.